ಜನರನ್ನು ತಿನ್ನುವ ನೆಲ

"ಆ ಜಾಗ ಆಗಿ ಬರುವುದಿಲ್ಲ" ಎಂಬ ಮಾತನ್ನು ಕೇಳದೆ ನಮ್ಮ ಕಡೆ ಯಾರೂ ಬೆಳೆದಿರಲಾರರು. ಹೊಸ ಮನೆಗೆ ಒಕ್ಕಲಾದ ವರ್ಷದೊಳಗೆ ಹಿರಿಯರೊಬ್ಬರು ತೀರಿಹೋದರೆ, ಹಟ್ಟಿಯಲ್ಲಿ ದನಗಳು ಮೇಲಿಂದ ಮೇಲೆ ಸತ್ತರೆ, ಮದುವೆಯಾಗಿ ಹತ್ತು ವರ್ಷ ಕಳೆದರೂ ತೊಟ್ಟಿಲು ಕಟ್ಟದಿದ್ದರೆ, ಬೆರಳು ಮೊದಲು ಹೋಗುವುದು ನೆಲದ ಕಡೆಗೆ. ಜಾಗಕ್ಕೆ ದೋಷ ಉಂಟು, ಜಾಗ ಬಲಿ ಕೇಳುತ್ತದೆ ಎನ್ನುತ್ತಾರೆ. ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸುತ್ತಾರೆ. ಹೆಸರು ಕೆಟ್ಟದ್ದು ಒಂದು ಮನೆಗಾದರೆ ಆ ಮನೆಯನ್ನು ಬಂದ ಬೆಲೆಗೆ ಕೊಟ್ಟು ಬೇರೆ ಕಡೆ ಹೋಗಬಹುದು. ಇಡೀ ಊರಿನ ಹೆಸರೇ ಕೆಟ್ಟರೆ ಅಲ್ಲಿಯವರು ಏನು ಮಾಡಬೇಕು? ಊರನ್ನು ಯಾರಿಗೆ ಮಾರುವುದು?

ಇದು ನಮ್ಮ ತುಳುನಾಡಿಗೆ ಮಾತ್ರ ಬಂದ ಪ್ರಶ್ನೆಯೆಂದು ನಾನು ಬಹುಕಾಲ ತಿಳಿದಿದ್ದೆ. ನನ್ನ ಜೊತೆಯಲ್ಲಿ ಪಾಠ ಮಾಡುತ್ತಿದ್ದ ಕ್ರೈಸ್ತ ಟೀಚರ್ ಒಬ್ಬರು ಬಿಡುವಿನ ಪೀರಿಯಡ್ಡಿನಲ್ಲಿ ಕನ್ನಡ ಬೈಬಲು ಓದುತ್ತಿದ್ದರು. ಒಮ್ಮೆ ಸ್ಟಾಫ್ ರೂಮಿನಲ್ಲಿ ಜಾಗದ ದೋಷದ ಮಾತು ಬಂದಾಗ ಅವರು, "ಟೀಚರೇ, ಇದು ನಮ್ಮ ಪುಸ್ತಕದಲ್ಲೂ ಉಂಟು" ಎಂದು ಒಂದು ಪುಟ ತೆರೆದು ಕೊಟ್ಟರು. ಯೆಹೆಜ್ಕೇಲನೆಂಬ ಪ್ರವಾದಿಯ ಗ್ರಂಥದ 36ನೆಯ ಅಧ್ಯಾಯ, 13ನೆಯ ವಚನ. ದೇವರು ಅಲ್ಲಿ ನೆಲದ ಜೊತೆಗೇ ಮಾತಾಡುತ್ತಾನೆ. ನೀನು ಮನುಷ್ಯರನ್ನು ತಿನ್ನುವವಳು, ನಿನ್ನ ಜನರನ್ನು ಮಕ್ಕಳಿಲ್ಲದವರನ್ನಾಗಿ ಮಾಡುವವಳು ಎಂದು ಸುತ್ತಲಿನವರು ನಿನ್ನನ್ನು ಆಡಿಕೊಳ್ಳುತ್ತಾರಲ್ಲ, ಇನ್ನು ಮುಂದೆ ಆ ಮಾತು ನಿನ್ನ ಕಿವಿಗೆ ಬೀಳದಂತೆ ಮಾಡುತ್ತೇನೆ ಎಂಬುದು ಅದರ ತಾತ್ಪರ್ಯ. ಓದಿದಾಗ ನನಗೆ ಯೆಹೂದ್ಯರ ದೇಶ ನೆನಪಾಗಲಿಲ್ಲ. ನೆನಪಾದದ್ದು ನಮ್ಮ ಈಶ್ವರಮಂಗಲದ ಗಡಿಯಾಚೆಗಿನ ಒಂದು ಊರು. ಅದರ ವಿಷಯಕ್ಕೆ ಬರುವ ಮೊದಲು ಈ ವಚನದ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು.

ಯೆಹೆಜ್ಕೇಲನು ಪುರೋಹಿತರ ಮನೆಯವನು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಜೆರುಸಲೇಮನ್ನು ಗೆದ್ದು ಅಲ್ಲಿಯ ರಾಜನನ್ನೂ ಪ್ರಮುಖರನ್ನೂ ಸೆರೆ ಒಯ್ದನು. ಹಾಗೆ ಹೋದವರಲ್ಲಿ ಇವನೂ ಒಬ್ಬ. ಕೆಬಾರ್ ಎಂಬ ಕಾಲುವೆಯ ದಡದಲ್ಲಿ, ಪರದೇಶದ ಬಯಲಿನಲ್ಲಿ ಕುಳಿತು, ತನ್ನ ನಾಡಿನ ಬೆಟ್ಟಗಳನ್ನು ಹೆಸರು ಹಿಡಿದು ಮಾತಾಡಿಸಿದವನು ಅವನು. ಹತ್ತು ವರ್ಷ ಕಳೆಯುವಷ್ಟರಲ್ಲಿ ಜೆರುಸಲೇಮು ದೇವಾಲಯ ಸಹಿತ ಸುಟ್ಟು ಬೂದಿಯಾಯಿತು. ಊರು ಹಾಳಾದ ಮೇಲೆ ನೆರೆಹೊರೆಯವರ ನಾಲಿಗೆ ಸುಮ್ಮನಿರುತ್ತದೆಯೇ? ಆ ನೆಲವೇ ಹಾಗೆ, ಅಲ್ಲಿ ನೆಲೆಸಿದವರು ಯಾರೂ ಉಳಿಯುವುದಿಲ್ಲ ಎಂಬ ಮಾತು ಹಬ್ಬಿತು.

ಈ ಅಪವಾದ ಆಗ ಹೊಸದಾಗಿ ಹುಟ್ಟಿದ್ದೂ ಅಲ್ಲ. ಬೈಬಲಿನ ಅರಣ್ಯಕಾಂಡದಲ್ಲಿ ಅದಕ್ಕಿಂತ ಹಳೆಯ ಕಥೆಯೊಂದಿದೆ. ಮೋಶೆ ಹನ್ನೆರಡು ಮಂದಿ ಗೂಢಚಾರರನ್ನು ಕಾನಾನ್ ದೇಶ ನೋಡಿ ಬರಲು ಕಳಿಸುತ್ತಾನೆ. ನಲ್ವತ್ತು ದಿನ ಸುತ್ತಾಡಿ ಅವರು ಹಿಂತಿರುಗುವಾಗ ಇಬ್ಬರು ಹೆಗಲ ಮೇಲೆ ಅಡ್ಡೆ ಕಟ್ಟಿ ಹೊರಬೇಕಾದಷ್ಟು ದೊಡ್ಡ ದ್ರಾಕ್ಷಿಗೊಂಚಲು ಜೊತೆಗಿತ್ತು. ಹಾಗಿದ್ದೂ ಹತ್ತು ಮಂದಿ, ಆ ದೇಶ ತನ್ನ ನಿವಾಸಿಗಳನ್ನೇ ನುಂಗುವ ದೇಶ ಎಂದು ವರದಿ ಒಪ್ಪಿಸಿದರು. ಅಂಥ ಗೊಂಚಲು ಕೊಟ್ಟ ನೆಲ ಜನರನ್ನು ತಿನ್ನುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದವರು ಹೆದರಿ ರಾತ್ರಿಯೆಲ್ಲ ಅತ್ತರು. ಆ ಗೂಢಚಾರರು ಹಬ್ಬಿಸಿದ ಸುದ್ದಿಗೆ ಹೀಬ್ರೂ ಭಾಷೆಯಲ್ಲಿ ಇರುವ ಪದ 'ದಿಬ್ಬಾ'. ಚಾಡಿ, ಅಪವಾದ, ಊರ ಬಾಯಿಯ ಮಾತು ಎಂದು ಅರ್ಥ. ಯೆಹೆಜ್ಕೇಲನ 36ನೆಯ ಅಧ್ಯಾಯದ ಮೊದಲ ಭಾಗದಲ್ಲೂ ಇದೇ ಪದ ಬರುತ್ತದೆ.

ಇನ್ನೆರಡು ಭಾಷೆಯ ಸಂಗತಿಗಳು ಮನಸ್ಸಿಗೆ ನಾಟುವಂಥವು. ಕನ್ನಡದಲ್ಲಿ ನೆಲ ನಪುಂಸಕಲಿಂಗ. ಹೀಬ್ರೂವಿನಲ್ಲಿ ಅದು ಸ್ತ್ರೀಲಿಂಗ. ಆದ್ದರಿಂದ ಈ ವಚನದಲ್ಲಿ ಊರವರು ಬೈಯುವುದು ಒಬ್ಬ ಹೆಂಗಸನ್ನು ಬೈದಂತೆಯೇ ಕೇಳಿಸುತ್ತದೆ. ಮಕ್ಕಳನ್ನು ತಿಂದವಳು ಎಂದು ನಮ್ಮಲ್ಲೂ ಹೆಂಗಸರನ್ನು ಮೂದಲಿಸುವುದಿಲ್ಲವೇ? ಗಂಡ ಸತ್ತರೆ ಗಂಡನನ್ನು ತಿಂದವಳು, ಮಗು ಸತ್ತರೆ ಮಗುವನ್ನು ತಿಂದವಳು. ಬೆಳೆಯದ ಹೊಲಕ್ಕೂ ಹೆರದ ಹೆಂಗಸಿಗೂ ಬಂಜೆ ಎಂಬ ಒಂದೇ ಪದ. ಎರಡನೆಯ ಸಂಗತಿ ಇದು. ಮುಂದಿನ ವಚನದಲ್ಲಿ ಹಳೆಯ ಲಿಪಿಕಾರರು ಒಂದು ಪದವನ್ನು ಎರಡು ರೀತಿಯಾಗಿ ಉಳಿಸಿದ್ದಾರೆ. ಬರೆದಿರುವಂತೆ ಓದಿದರೆ ನೆಲ ತನ್ನ ಜನರನ್ನು ಎಡವಿಸುತ್ತದೆ. ಅಂಚಿನ ಸೂಚನೆಯಂತೆ ಓದಿದರೆ ಮಕ್ಕಳನ್ನು ಕಳೆದುಕೊಳ್ಳುವಂತೆ ಮಾಡುತ್ತದೆ. ಎರಡು ಅಕ್ಷರ ಅದಲುಬದಲಾದರೆ ಸಾಕು, ಒಂದು ಇನ್ನೊಂದಾಗುತ್ತದೆ. ಯಾವುದನ್ನೂ ಅವರು ಅಳಿಸಿಹಾಕಲಿಲ್ಲ.

ಈ ವಚನವನ್ನು ಅರ್ಥ ಮಾಡಿಕೊಳ್ಳುವಲ್ಲಿ ನನಗೆ ಕಂಡ ತೊಡಕು ಒಂದೇ. ದೇವರು ಅಪವಾದವನ್ನು ಸುಳ್ಳು ಎನ್ನುವುದಿಲ್ಲ. ಇನ್ನು ಮುಂದೆ ನೀನು ತಿನ್ನಲಾರೆ ಎನ್ನುತ್ತಾನೆ. ಹಾಗಾದರೆ ಹಿಂದೆ ತಿಂದದ್ದು ನಿಜವೇ? ಉತ್ತರಕ್ಕೆ ವಚನದ ಹಿಂದುಮುಂದನ್ನು ನೋಡಬೇಕು. ಈ ಮಾತನ್ನು ಹಬ್ಬಿಸಿದ ಏದೋಮ್ಯರೂ ಸುತ್ತಲಿನ ಜನಾಂಗಗಳೂ ಆ ನೆಲವನ್ನು ತಮ್ಮ ಸ್ವತ್ತು ಮಾಡಿಕೊಳ್ಳಲು ಹೊಂಚುತ್ತಿದ್ದರು ಎಂದು ಅಧ್ಯಾಯದ ಆರಂಭವೇ ಹೇಳುತ್ತದೆ. ಹಳಿಯುವವನಿಗೆ ಲಾಭವಿತ್ತು. ಕೆಲವು ವಚನ ಕಳೆದ ಬಳಿಕ, ಆ ನೆಲದಲ್ಲಿ ವಾಸಿಸಿದವರೇ ತಮ್ಮ ನಡತೆಯಿಂದ, ಸುರಿಸಿದ ರಕ್ತದಿಂದ ಅದನ್ನು ಹೊಲಸು ಮಾಡಿದರು ಎಂಬ ಮಾತೂ ಬರುತ್ತದೆ. ಈಜಿಪ್ಟಿಗೂ ಮೆಸಪೊಟೇಮಿಯಕ್ಕೂ ನಡುವಿನ ದಾರಿ ಅದು. ದೊಡ್ಡ ರಾಜ್ಯಗಳ ಸೈನ್ಯ ಓಡಾಡುವುದೇ ಆ ಮಾರ್ಗವಾಗಿ. ಜನ ಸತ್ತದ್ದು ನಿಜ, ತೊಟ್ಟಿಲು ಬರಿದಾದದ್ದು ನಿಜ. ಸಾವುಗಳು ಸುಳ್ಳಲ್ಲ, ಕೊಂದವರ ಹೆಸರು ಸುಳ್ಳು. ಯುದ್ಧ ಮಾಡಿದವರ, ರಕ್ತ ಸುರಿಸಿದವರ ಲೆಕ್ಕವನ್ನು ಬಾಯಿಲ್ಲದ ನೆಲದ ಖಾತೆಗೆ ಬರೆದಿದ್ದರು. ಈ ವಚನ ನನಗೆ ತಿಳಿದದ್ದು ಹೀಗೆ.

ನೆಲದ ಖಾತೆಗೆ ಬರೆಯುವ ಪದ್ಧತಿ ಕರ್ನಾಟಕದಲ್ಲೂ ಹೊಸದಲ್ಲ. ಘಟ್ಟದ ಬುಡದ ಊರುಗಳೂ ಮಲೆನಾಡೂ ಒಂದು ಕಾಲದಲ್ಲಿ ಚಳಿಜ್ವರದ ಸೀಮೆಯೆಂದು ಹೆಸರಾಗಿದ್ದವು. ನೀರು ಸರಿಯಿಲ್ಲ, ಗಾಳಿ ಸರಿಯಿಲ್ಲ ಎಂದು ಬಯಲುಸೀಮೆಯವರು ಅಲ್ಲಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು. ತಪ್ಪು ಸೊಳ್ಳೆಯದ್ದೆಂದು ಗೊತ್ತಾಗಿ, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು, ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದ ಮೇಲೆ ಆ ಹೆಸರು ಕರಗುತ್ತ ಬಂತು. ನಾಲ್ಕೇ ವರ್ಷಗಳ ಬಳಿಕ, 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೆ ಜ್ವರ ಬಂತು. ಉಣ್ಣೆಯಿಂದ ಹರಡುವ ವೈರಸ್ಸು ಅದು. ವಿಜ್ಞಾನಿಗಳು ಅದಕ್ಕೆ 'ಕ್ಯಾಸನೂರು ಕಾಡಿನ ಕಾಯಿಲೆ' ಎಂದು ಹೆಸರಿಟ್ಟರು. ಅಲ್ಲಿಂದೀಚೆಗೆ ಲೋಕದ ವೈದ್ಯಗ್ರಂಥಗಳಲ್ಲೆಲ್ಲ ಆ ಊರಿನ ಹೆಸರೆಂದರೆ ರೋಗದ ಹೆಸರು. ರೋಗಗಳಿಗೆ ಊರಿನ ಹೆಸರು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು.

ಅದೇ ಮಂಗನ ಕಾಯಿಲೆ 1982-83ರಲ್ಲಿ ನಮ್ಮ ಬೆಳ್ತಂಗಡಿ ತಾಲೂಕಿನ ನಿಡ್ಲೆಯ ಕಡೆ ಕಾಣಿಸಿಕೊಂಡಿತು. ಅದಕ್ಕೆ ಮೊದಲು ಅಲ್ಲಿ ಗೇರು ತೋಟ ಎಬ್ಬಿಸಲು ದಟ್ಟ ಕಾಡನ್ನು ಸವರಿದ್ದರು. ಗೇರುಬೀಜದ ಕಥೆ ನಮ್ಮ ಜಿಲ್ಲೆಯಲ್ಲಿ ಅಲ್ಲಿಗೆ ಮುಗಿಯಲಿಲ್ಲ.

ಈಶ್ವರಮಂಗಲದಿಂದ ಗಾಳಿಮುಖ ದಾಟಿದರೆ ಕೇರಳ. ನಕ್ಷೆಯಲ್ಲಿ ಮಾತ್ರ ಅದು ಬೇರೆ ರಾಜ್ಯ. 1956ರ ನವೆಂಬರ್ 1ರವರೆಗೆ ಕಾಸರಗೋಡೂ ಪುತ್ತೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಗೆರೆ ಎಳೆದ ಮೇಲೂ ಹೆಣ್ಣು ಕೊಟ್ಟು ತರುವುದು, ಕೋಲ, ಜಾತ್ರೆ, ಯಕ್ಷಗಾನ ಯಾವುದೂ ನಿಲ್ಲಲಿಲ್ಲ. ಪುತ್ತೂರಿನಿಂದ ಬೆಟ್ಟಂಪಾಡಿ, ಪಾಣಾಜೆ, ಆರ್ಲಪದವು ದಾರಿಯಾಗಿ ಗಡಿ ದಾಟಿದರೆ ಸಿಗುವುದು ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ. ಅದರಲ್ಲೊಂದು ಜಾಗದ ಹೆಸರು ಸ್ವರ್ಗ. ಬಸ್ಸಿನ ಬೋರ್ಡಿನಲ್ಲಿ ಆ ಹೆಸರು ಕಂಡು ಹೊರಗಿನವರು ನಗುತ್ತಾರೆ. ಹೋಗಿ ನೋಡಿದವರು ನಗುವುದಿಲ್ಲ. ಕಣಿವೆಯಲ್ಲಿ ಅಡಿಕೆ ತೋಟ, ಸುತ್ತ ಗುಡ್ಡೆ, ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ತಾನಾಗಿ ಹರಿದು ಬರುವ ತಣ್ಣನೆಯ ನೀರು. ಪಂಪು ಬೇಡ, ಹಗ್ಗ ಬೇಡ.

ಆ ಗುಡ್ಡೆಗಳ ನೆತ್ತಿಯಲ್ಲಿ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿದ್ದವು. ಕಾಸರಗೋಡು ಜಿಲ್ಲೆಯ ಇಂಥ ತೋಟಗಳೆಲ್ಲ ಸೇರಿ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು. ಗೇರು ಚಿಗುರಿ ಹೂ ಬಿಡುವಾಗ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ಡಿಸೆಂಬರಿನವರೆಗೆ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಬಾವಿಗಳನ್ನು ಮುಚ್ಚಿಕೊಳ್ಳಿ ಎಂದು ಸೂಚನೆಯಿತ್ತು. ಬಾವಿಯನ್ನು ಮುಚ್ಚಬಹುದು. ಸುರಂಗಕ್ಕೆ, ತೋಡಿಗೆ, ಹಟ್ಟಿಗೆ, ಅಂಗಳದಲ್ಲಿ ಆಡುವ ಮಕ್ಕಳಿಗೆ ಮುಚ್ಚಳ ಎಲ್ಲಿಂದ ತರುವುದು? ನೆತ್ತಿಯ ಮೇಲೆ ಬಿದ್ದದ್ದು ನಮ್ಮ ಮಳೆಗಾಲದ ಮಳೆಗೆ ಕಣಿವೆಗೆ ಇಳಿಯಲೇಬೇಕು. ಮನೆಗಳಿದ್ದದ್ದು ಕಣಿವೆಯಲ್ಲಿ. ಮಲೇರಿಯಾದ ಅಪವಾದದಿಂದ ಘಟ್ಟದ ಬುಡವನ್ನು ಬಿಡಿಸಿದ ಡಿ.ಡಿ.ಟಿ.ಯೂ ಪಡ್ರೆಗೆ ಅಪವಾದ ತಂದ ಎಂಡೋಸಲ್ಫಾನೂ ರಸಾಯನಶಾಸ್ತ್ರದ ಪ್ರಕಾರ ಒಂದೇ ಕುಟುಂಬದವು ಎಂಬುದನ್ನು ನೆನೆದರೆ ವಿಚಿತ್ರವೆನಿಸುತ್ತದೆ.

ಮೊದಲು ಜೇನ್ನೊಣ, ಮೀನು, ಕಪ್ಪೆ ಸತ್ತವು. ಕರುಗಳು ಸೊಟ್ಟ ಕಾಲಿನಿಂದ ಹುಟ್ಟಿದವು. ಆಮೇಲೆ ಮನೆಗಳ ಒಳಗೆ ನಡೆಯಲಾರದ, ಮಾತಾಡಲಾರದ, ಅಪಸ್ಮಾರದ ಮಕ್ಕಳು ಕಾಣಿಸಿಕೊಂಡರು. ಬಸಿರು ನಿಲ್ಲದ ಹೆಂಗಸರಿದ್ದರು. ಹೀಬ್ರೂ ಲಿಪಿಕಾರರು ಅಳಿಸದೆ ಬಿಟ್ಟ ಎರಡೂ ಪದಗಳು ಅಲ್ಲಿ ನಿಜವಾಗಿದ್ದವು. ಊರವರು ಏನೆಂದುಕೊಂಡರು? ಪಡ್ರೆಯ ದೈವ ಜಟಾಧಾರಿ. ಜಟಾಧಾರಿಗೆ ಕೋಪ ಬಂದಿದೆ, ಈ ನೆಲಕ್ಕೆ ಶಾಪವಿದೆ ಎಂದುಕೊಂಡರು. ಅವರನ್ನು ಮೂಢರೆಂದು ಹೀಗಳೆಯಲು ನನಗೆ ಮನಸ್ಸಿಲ್ಲ. ಕಾರಣ ಹೇಳಬೇಕಾದವರು ಹೇಳದೆ ಇದ್ದಾಗ ಮನುಷ್ಯ ತಾನು ನಂಬಿದವರನ್ನು ಕೇಳುತ್ತಾನೆ. ಆದರೆ ಆ ನಂಬಿಕೆಯಿಂದ ಯಾರಿಗೆ ಅನುಕೂಲವಾಯಿತು? ದೋಷ ದೈವದ್ದು, ನೆಲದ್ದು ಎಂದಾಗ ಹೆಲಿಕಾಪ್ಟರಿನ ಕಡೆ ತಲೆಯೆತ್ತಿ ನೋಡುವವರಿರಲಿಲ್ಲ.

ತಲೆಯೆತ್ತಿದವರು ಕೆಲವರೇ. ಪಡ್ರೆಯ ವಾಣಿನಗರದಲ್ಲಿ 1982ರಿಂದ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳ ಮನೆ ಎಲ್ಲಿ, ಅವರು ಕುಡಿಯುವ ನೀರು ಯಾವ ಗುಡ್ಡೆಯದು ಎಂದು ಗಮನಿಸುತ್ತ ಬಂದರು. ಅದೇ ಊರಿನ ಪತ್ರಕರ್ತ, ಪುತ್ತೂರಿನ 'ಅಡಿಕೆ ಪತ್ರಿಕೆ'ಯನ್ನು ಕಟ್ಟಿದ ಶ್ರೀ ಪಡ್ರೆಯವರು ಈ ವಿಷಯವನ್ನು ಬಹಳ ಮೊದಲೇ ಬರೆದು ಹೊರಲೋಕಕ್ಕೆ ತಿಳಿಸಿದರು. ದಕ್ಷಿಣಕ್ಕೆ ಪೆರಿಯದ ಕಡೆ, ಕೃಷಿ ಇಲಾಖೆಯಲ್ಲೇ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬ ಹೆಣ್ಣುಮಗಳು 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದ ಮೆಟ್ಟಿಲು ಹತ್ತಿ ಸಿಂಪಡಣೆಗೆ ತಡೆ ತಂದರು. ತಾನು ನೌಕರಿ ಮಾಡುವ ಸರಕಾರದ್ದೇ ಸಂಸ್ಥೆಯ ವಿರುದ್ಧ ಒಬ್ಬ ಹೆಂಗಸು ನಿಲ್ಲುವುದು ಎಂದರೆ ಏನೆಂದು ನೌಕರಿ ಮಾಡುವ ಹೆಂಗಸರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಗೆ ಬಂದರು. ಅವರು ಪರೀಕ್ಷಿಸಿದ್ದು ಶಾಲೆಯ ಮಕ್ಕಳನ್ನು. 2003ರಲ್ಲಿ ಪ್ರಕಟವಾದ ಅವರ ಒಂದು ಪ್ರಬಂಧದಲ್ಲಿ ಪಡ್ರೆಯ ಕಡೆಯ 117 ಹುಡುಗರನ್ನೂ ಸಿಂಪಡಣೆಯಿಲ್ಲದ ಬೇರೆ ಊರಿನ 90 ಹುಡುಗರನ್ನೂ ಹೋಲಿಸಿದ್ದಾರೆ. ಎಲ್ಲರೂ 10ರಿಂದ 19 ವರ್ಷದವರು. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಪ್ರಾಯಕ್ಕೆ ಬರುವುದು ತಡವಾಗಿತ್ತು. ಹಾಜರಿ ಪುಸ್ತಕದಲ್ಲಿ ದಿನವೂ ಹೆಸರು ಕರೆಯುವ ನನ್ನಂಥವಳಿಗೆ ಆ ಎರಡು ಸಂಖ್ಯೆಗಳು ಎರಡು ಮೂರು ತರಗತಿಗಳ ಮಕ್ಕಳಾಗಿ ಕಾಣಿಸುತ್ತವೆ. ಈ ಅಧ್ಯಯನವನ್ನು ಕೀಟನಾಶಕ ತಯಾರಕರೂ ಕೆಲವು ಕೃಷಿ ವಿಜ್ಞಾನಿಗಳೂ ಒಪ್ಪಲಿಲ್ಲ, ವಾದ ಬಹುಕಾಲ ನಡೆಯಿತು. ಕೊನೆಗೆ 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಂ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಲೋಕದಿಂದಲೇ ತೆಗೆಯಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆಯಿತು. ಗಡಿಯ ಈಚೆ ಕರ್ನಾಟಕದ ಗೇರು ತೋಟಗಳಲ್ಲೂ ಇದೇ ಕಥೆ. ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಅಂಥದೇ ಮಕ್ಕಳಿದ್ದರು. ಕೊಕ್ಕಡದಲ್ಲೂ ಕೊಯಿಲದಲ್ಲೂ ಅವರನ್ನು ಹಗಲು ನೋಡಿಕೊಳ್ಳುವ ಕೇಂದ್ರಗಳು ಬಂದವು.

ಕಾರಣ ಗೊತ್ತಾದ ಮೇಲೆ ನೆಲದ ಅಪವಾದ ಹೋಗಬೇಕಿತ್ತು. ಹೋಗಲಿಲ್ಲ. ಪತ್ರಿಕೆಗಳಲ್ಲಿ ಮಕ್ಕಳ ಚಿತ್ರ ಬಂದಷ್ಟೂ ಊರಿನ ಹೆಸರು ಬೇರೆ ರೀತಿಯಲ್ಲಿ ಕೆಟ್ಟಿತು. ಮೊದಲು ಶಾಪದ ಊರು, ಆಮೇಲೆ ವಿಷದ ಊರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಕೂಡಿಬಂದಿದ್ದ ಸಂಬಂಧ ತಾಯಿಯ ತವರು ಪಡ್ರೆಯೆಂದು ತಿಳಿದ ವಾರದಲ್ಲೇ ಮುರಿದುಬಿತ್ತು. ಜಾತಕ ಕೂಡುವುದಿಲ್ಲವೆಂದು ಹೇಳಿ ಕಳಿಸಿದರು. ಹುಡುಗಿ ಹುಟ್ಟಿ ಬೆಳೆದದ್ದು ಬೇರೆ ಊರಿನಲ್ಲಿ, ಕಟ್ಟುಮಸ್ತಾದ ಆರೋಗ್ಯ. ನಿಜವಾದ ಕಾರಣ ಎರಡೂ ಮನೆಯವರಿಗೆ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. "ಅವರ ಮೇಲೆ ನನಗೆ ಕೋಪ ಇಲ್ಲ ಟೀಚರ್, ಹೆಣ್ಣು ಹೆತ್ತ ನಾನೂ ಅವರ ಜಾಗದಲ್ಲಿದ್ದರೆ ಹೆದರುತ್ತಿದ್ದೆನೋ ಏನೋ" ಎಂದು ಆ ತಾಯಿ ನನ್ನಲ್ಲಿ ಹೇಳಿದರು. ತೋಟದವರಿಗೆ ಗೇರುಬೀಜದ ಹಣ ಬಂತು, ಔಷಧಿ ಕಂಪೆನಿಗೆ ಔಷಧಿಯ ಹಣ ಬಂತು, ಅಪವಾದ ಮಾತ್ರ ಆ ಊರಿನ ಹೆಣ್ಣುಮಕ್ಕಳ ಪಾಲಿಗೆ ಬಂತು.

ಹಾಗಾದರೆ ಒಂದು ನೆಲದ ಕೆಟ್ಟ ಹೆಸರು ಹೋಗುವುದು ಹೇಗೆ? ಯೆಹೆಜ್ಕೇಲನು ಸಮಾಧಾನದ ಮಾತು ಹೇಳಿ ಸುಮ್ಮನಾಗುವುದಿಲ್ಲ. ನೆಲವನ್ನು ಮತ್ತೆ ಉಳುತ್ತಾರೆ, ಬಿತ್ತುತ್ತಾರೆ, ಮರಗಳು ಫಲ ಬಿಡುತ್ತವೆ, ಪಾಳು ಬಿದ್ದ ಊರುಗಳಲ್ಲಿ ಜನ ತುಂಬುತ್ತಾರೆ, ಆಗ ದಾರಿಹೋಕರೇ ಇದು ಏದೆನ್ ತೋಟದಂತಾಯಿತಲ್ಲ ಎನ್ನುತ್ತಾರೆ ಎಂಬುದು ಅವನ ಕ್ರಮ. ಏದೆನ್ ಎಂದರೆ ಅವರ ಪುರಾಣದಲ್ಲಿ ಮನುಷ್ಯನ ಮೊದಲ ತೋಟ, ನಮ್ಮ ಮಾತಿನಲ್ಲಿ ಸ್ವರ್ಗವೇ. ಹೆಸರು ಸರಿಯಾಗುವ ಮೊದಲು ನೆಲ ಸರಿಯಾಗಬೇಕು, ನೆಲದ ಮೇಲಿನವರ ನಡತೆ ಸರಿಯಾಗಬೇಕು. ನಮ್ಮಲ್ಲಿ ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ನೊಂದ ಒಬ್ಬೊಬ್ಬರಿಗೂ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಮುಂದೆ ತೆರೆದಿಟ್ಟ ಲೆಕ್ಕದಲ್ಲಿ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಐದು ವರ್ಷದಲ್ಲಿ ಎಂಟು ಮಂದಿ! ನ್ಯಾಯಾಧೀಶರು ಸರಕಾರವನ್ನು ತರಾಟೆಗೆ ತೆಗೆದುಕೊಂಡರು.

ತರಗತಿಯಲ್ಲಿ ಕನ್ನಡ ವ್ಯಾಕರಣ ಹೇಳುವಾಗ ನಾನು ಮಕ್ಕಳಿಗೆ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಗುರುತಿಸಲು ಕಲಿಸುತ್ತೇನೆ. ನೆಲ ಜನರನ್ನು ತಿಂದಿತು ಎಂಬ ವಾಕ್ಯ ವ್ಯಾಕರಣದ ಪ್ರಕಾರ ಸರಿಯಾಗಿಯೇ ಇದೆ. ಕರ್ಮವೂ ಸರಿ, ಕ್ರಿಯಾಪದವೂ ಸರಿ. ಕರ್ತೃವಿನ ಜಾಗದಲ್ಲಿ ಮಾತ್ರ ಬೇರೆಯವರನ್ನು ಕೂರಿಸಿದ್ದಾರೆ. ಅದನ್ನು ತಿದ್ದಲು ಒಂದು ಊರಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಒಬ್ಬ ವೈದ್ಯ, ಒಬ್ಬ ಪತ್ರಕರ್ತ, ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಒಬ್ಬ ಹೆಂಗಸು, ಹಾಸಿಗೆಯಲ್ಲಿ ಮಲಗಿದ ಮಕ್ಕಳನ್ನು ಎತ್ತಿಕೊಂಡು ಬಂದು ಲೋಕಕ್ಕೆ ತೋರಿಸಿದ ತಾಯಂದಿರು ಬೇಕಾದರು.

'ದಿಬ್ಬಾ' ಹುಟ್ಟುವುದು ಅರಮನೆಯಲ್ಲಲ್ಲ. ಅದು ಹುಟ್ಟಿ ಬೆಳೆಯುವುದು ಬಸ್ಸಿನ ಸೀಟಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ನಾವು ಹೆಂಗಸರು ನಾಲ್ಕು ಜನ ಸೇರಿದ ಜಗಲಿಯಲ್ಲಿ. ಆ ಊರಿನ ಹುಡುಗಿಯೇ, ಬೇಡಪ್ಪ ಎಂದು ಯಾರಾದರೂ ಅಂದಾಗ, ಆ ಊರಿಗೆ ಏನಾಯಿತು, ಯಾರು ಮಾಡಿದರು, ಅವರು ತೆರಬೇಕಾದದ್ದನ್ನು ತೆತ್ತರೇ ಎಂದು ಕೇಳುವುದಕ್ಕೆ ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ.